ದಾಕ್ಷಾಯಣಮ್ಮನ ಗೋ ಅಹೆಡ್

ದಾಕ್ಷಾಯಣಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಹೊಳೆಹೊನ್ನೂರಿನ ಕಡೆಯ ಹಳ್ಳಿಯಲ್ಲಿ ನಾಲ್ಕನೇ ಕ್ಲಾಸು ಮುಗಿಸುವಷ್ಟರಲ್ಲಿ ಸೊಂಟದ ಮೇಲೆ ತಮ್ಮ ಬಂದು ಕೂತಿದ್ದ. ಸ್ಲೇಟು ಮೂಲೆ ಸೇರಿತು. ಬಸ್ಸು, ಗ್ಯಾಸು, ಕರೆಂಟು, ಸ್ವಿಚ್ಚು ಇವೆಲ್ಲ ಇಂಗ್ಲಿಷ್ ಅಂತ ಅವರಿಗೆ ಯಾವತ್ತೂ ಅನ್ನಿಸಿದ್ದಿಲ್ಲ, ಅವು ಮನೆಯ ಮಾತೇ. ಆದರೆ ಮದುವೆಯಾಗಿ ಭದ್ರಾವತಿಗೆ ಬಂದ ಹೊಸದರಲ್ಲಿ ಕಿವಿಗೆ ಬಿದ್ದ ಒಂದು ಮಾತು ಮಾತ್ರ ಹಲ್ಲಿನ ಸಂದಿಗೆ ಸಿಕ್ಕಿದ ಅಡಿಕೆಚೂರಿನ ಹಾಗೆ ಕೂತುಬಿಟ್ಟಿತು. ನಾಲಿಗೆ ಆಗಾಗ ಅಲ್ಲಿಗೇ ಹೋಗುತ್ತಿತ್ತು.

ಅವತ್ತು ಗಂಡನಿಗೆ ಬುತ್ತಿ ಕೊಡಲು ಕಾರ್ಖಾನೆಯ ಯಾರ್ಡಿನ ಬೇಲಿಯ ಹತ್ತಿರ ನಿಂತಿದ್ದರು. ಗಂಡ ಮೂರ್ತಪ್ಪನವರಿಗೆ ಅಲ್ಲಿ ಶಂಟಿಂಗ್ ಕೆಲಸ, ವ್ಯಾಗನ್ನುಗಳನ್ನು ಹಳಿಯಿಂದ ಹಳಿಗೆ ಸೇರಿಸುವುದು. ಅದಿರು ತುಂಬಿದ ವ್ಯಾಗನ್ನುಗಳ ಉದ್ದ ಸಾಲು ಹಳಿಯ ಮೇಲೆ ನಿಂತಿತ್ತು. ಇಂಜಿನ್ನು ಮಾತ್ರ ಎಲ್ಲೂ ಕಾಣಲಿಲ್ಲ. ಖಾಕಿ ಅಂಗಿಯ, ಕಡ್ಡಿಯಂಥ ಮೂರ್ತಪ್ಪ ಆ ಸಾಲಿನ ಮುಂದೆ ಒಬ್ಬರೇ ನಡೆಯುತ್ತಿದ್ದರು. ಬಗ್ಗಿ ನೋಡಿ, ಹಳಿಯ ಮೇಲಿನ ಕಲ್ಲೊಂದನ್ನು ಕಾಲಿನಿಂದ ತಳ್ಳಿದರು. ಹಳಿಗಳು ಕವಲೊಡೆಯುವ ಕಡೆ ಕೂತು ನೋಡಿದರು, ಎದ್ದರು, ಆಚೆ ಈಚೆ ಕತ್ತು ತಿರುಗಿಸಿದರು. ಆಮೇಲೆ ಹಸಿರು ಬಾವುಟ ಎತ್ತಿ, ಅಷ್ಟು ಸಣ್ಣ ಮೈಯಿಂದ ಬರಬಹುದು ಅಂತ ಯಾರೂ ಎಣಿಸದ ದನಿಯಲ್ಲಿ ಕೂಗಿದರು: “ಗೋ ಅಹೆಡ್!”

ಬೆಟ್ಟದಂಥ ಆ ಸಾಲು ಒಮ್ಮೆ ನಡುಗಿ, ಗಡಗಡ ಅನ್ನುತ್ತ ಅವರ ಹಿಂದೆ ಹೊರಟಿತು.

ಹೊಸ ಸೊಸೆಯ ಕೈಯಲ್ಲಿದ್ದ ಬುತ್ತಿ ಕೈಯಲ್ಲೇ ಉಳಿಯಿತು. ಸಂಜೆ ಗಂಡ ಮನೆಗೆ ಬಂದು ಕೈಕಾಲು ತೊಳೆದು ಕೂತ ಮೇಲೆ ಮೆಲ್ಲಗೆ ಕೇಳಿದರು.

“ರೀ, ನೀವು ಕೂಗಿದ್ರಲ್ಲ, ಅದು ಯಾವ ದೇವ್ರ ಹೆಸ್ರು?”

ಮೂರ್ತಪ್ಪ ಕಾಫಿ ನೆತ್ತಿಗೇರುವಷ್ಟು ನಕ್ಕರು.

“ದೇವ್ರೂ ಅಲ್ಲ ದಿಂಡ್ರೂ ಅಲ್ಲ ಮಾರಾಯ್ತಿ. ಇಂಜಿನ್ನು ಹಿಂದ್ಗಡೆಯಿಂದ ತಳ್ತಿರುತ್ತೆ. ಡ್ರೈವರಿಗೆ ಮುಂದೇನಿದೆ ಕಾಣಲ್ಲ. ನಾನು ಮುಂದೆ ನಡ್ದು, ನೋಡಿ, ದಾರಿ ಸರಿಯಿದೆ ಅಂದ್ರೆ ಹೇಳೋದು.”

“ನೋಡ್ದೆ ಹೇಳಿದ್ರೆ?”

“ನೋಡ್ದೆ ಹೇಳೋನು ಶಂಟರ್ ಅಲ್ಲ, ಯಮನ ಕಡೆಯೋನು.”

“ಆ ಡ್ರೈವರಣ್ಣ ಒಂಚೂರು ಬಗ್ಗಿ ತಾನೇ ನೋಡ್ಬಾರ್ದಾ?”

“ಅವ್ನು ನೋಡ್ಬೇಕಾದ್ದು ನನ್ನ ಬಾವುಟ. ದಾರಿ ನೋಡೋದು ನನ್ನ ಕೆಲ್ಸ. ಇಬ್ರೂ ದಾರಿ ನೋಡಕ್ಕೆ ಹೋದ್ರೆ ಗಾಡಿ ನಿಲ್ಸೋರು ಯಾರು?”

ಆ ಮಾತು ದಾಕ್ಷಾಯಣಮ್ಮನಿಗೆ ಬಹಳ ಹಿಡಿಸಿತು. ತವರಿಗೆ ಹೊರಟಾಗ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತು, “ಹೋಗಿಬರ್ಲಾ?” ಅಂತ ಕೇಳಿ ಕಾದರು. ಮೂರ್ತಪ್ಪ “ಹ್ಞೂಂ, ಬಾ” ಅಂದರು, ಅಷ್ಟೇ.

“ನಂಗೂ ಒಂದ್ಸಲ ಅದನ್ನ ಹೇಳ್ರಿ.”

“ಯಾವುದನ್ನ?”

“ವ್ಯಾಗನ್ನಿಗೆ ಹೇಳೋದನ್ನ.”

“ನಿಮ್ಮೂರಿನ ದಾರಿ ನಾನು ನೋಡ್ಕೊಂಡು ಬಂದಿದೀನಾ? ಸುಮ್ನೆ ಬಾಯಿಗೆ ಬಂದಂಗೆ ಹೇಳೋ ಮಾತಲ್ಲ ಅದು.”

ಮಗಳು ರಶ್ಮಿ ಹುಟ್ಟಿದಳು, ಓದಿದಳು, ಮದುವೆಯಾಗಿ ಶಿವಮೊಗ್ಗದ ನವುಲೆಯಲ್ಲಿ ಮನೆ ಮಾಡಿದಳು. ಮೂರ್ತಪ್ಪ ರಿಟೈರಾದರು. ಕಾರ್ಖಾನೆಯ ಸದ್ದು ಕಡಿಮೆಯಾಗುತ್ತ ಬಂದು, ನ್ಯೂಟೌನಿನ ಕ್ವಾರ್ಟರ್ಸುಗಳಲ್ಲಿ ಅರ್ಧಕ್ಕರ್ಧ ಬೀಗ ಬಿತ್ತು. ಅಷ್ಟು ಕಾಲದಲ್ಲಿ ಒಮ್ಮೆಯಾದರೂ ಮೂರ್ತಪ್ಪ ಆ ಮಾತನ್ನು ಮನೆಯೊಳಗೆ ಆಡಲಿಲ್ಲ.

ಆದರೆ ಹೊರಗೆ ಎಲ್ಲರೂ ಆಡತೊಡಗಿದ್ದರು. ಬ್ಯಾಂಕಿನಲ್ಲಿ ಕನ್ನಡಕದ ಹುಡುಗಿ ಹಿಂದಿನವರನ್ನು ತಡೆದು, “ಮೇಡಂ, ಗೋ ಅಹೆಡ್” ಅಂದಾಗ ದಾಕ್ಷಾಯಣಮ್ಮ ಬೆಚ್ಚಿ ಎದುರಿಗೆ ನೋಡಿದರು. ಎದುರಿಗೆ ಗಾಜು, ಗಾಜಿನಾಚೆ ಆ ಹುಡುಗಿ. ಹೋಗುವುದಾದರೂ ಎಲ್ಲಿಗೆ? ರಶ್ಮಿ ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಲೇ ಆಫೀಸಿನ ಯಾರಿಗೋ “ಗೋ ಅಹೆಡ್, ಗೋ ಅಹೆಡ್” ಅನ್ನುತ್ತಿದ್ದಳು. ಇವಳು ಯಾವ ಹಳಿ ನೋಡಿ ಬಂದಳು ಅಂತ ಅಮ್ಮನಿಗೆ ಆಶ್ಚರ್ಯ.

ತಡೆಯಲಾರದೆ ಒಂದು ದಿನ ಹಿಂದಿನ ಬೀದಿಯ ಜನಾರ್ದನ ಮೇಷ್ಟ್ರನ್ನು ಹಿಡಿದರು. ಮೇಷ್ಟ್ರು ಕಾರ್ಖಾನೆಯ ಶಾಲೆಯಲ್ಲಿ ಇಂಗ್ಲಿಷ್ ಹೇಳಿ ರಿಟೈರಾದವರು. ಯಾರಾದರೂ ಏನಾದರೂ ಕೇಳಿದರೆ ಅವರ ಮುಖ ದೀಪ ಹಚ್ಚಿದ ಹಾಗಾಗುತ್ತದೆ.

“ಗೋ ಅಂದ್ರೆ ಹೋಗು, ಅಹೆಡ್ ಅಂದ್ರೆ ಮುಂದೆ. ಆದ್ರೆ ಎರಡೂ ಸೇರಿದ್ರೆ ಕಾಲಿಗೆ ಕೆಲ್ಸ ಇರ್ಲೇಬೇಕು ಅಂತೇನಿಲ್ಲಮ್ಮ. ಮಾತಾಡಿ, ಶುರು ಮಾಡಿ, ನನ್ನದೇನೂ ಅಡ್ಡಿ ಇಲ್ಲ, ಅಂತ.”

“ಹಂಗಾದ್ರೆ ಅಪ್ಪಣೆ ಕೊಟ್ಟಂಗೆ.”

“ಹ್ಞಾಂ, ಅಪ್ಪಣೆ ಅನ್ನಿ.”

“ನಮ್ಮನೆಯವ್ರು ಬೇರೆ ಹೇಳ್ತಾರಲ್ಲ ಮೇಷ್ಟ್ರೇ. ಮುಂದೆ ಹೋಗಿ ನೋಡ್ಕೊಂಡು ಬಂದೋರು ಮಾತ್ರ ಹೇಳ್ಬೇಕಂತೆ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಅದು ಡಿಕ್ಷನರಿಯಲ್ಲಿ ಇಲ್ಲ,” ಅಂದರು. ಸ್ವಲ್ಪ ಯೋಚಿಸಿ, “ಇದ್ದಿದ್ರೆ ಚೆನ್ನಾಗಿರ್ತಿತ್ತು,” ಅಂದರು.

ಅಲ್ಲಿಗೆ ಆ ಕುತೂಹಲ ತಣ್ಣಗಾಗಬೇಕಿತ್ತು. ಆಗದ ಹಾಗೆ ಮಾಡಿದ್ದು ರಶ್ಮಿಯ ಸ್ಕೂಟರು.

ರಶ್ಮಿ ಕಾರು ಕೊಂಡ ಮೇಲೆ ಅವಳ ಸಣ್ಣ ಎಲೆಕ್ಟ್ರಿಕ್ ಗಾಡಿ ಕೆಲಸವಿಲ್ಲದೆ ನಿಂತಿತ್ತು. ಲೈಸೆನ್ಸು ಬೇಡದಂಥ, ಜೋರಾಗಿ ಓಡೆಂದರೂ ಓಡದ ಗಾಡಿ. “ಅಮ್ಮ, ತರ್ಕಾರಿಗೆ ಅಷ್ಟು ದೂರ ನಡೀತೀಯ. ಕಲಿ ನೀನು,” ಅಂತ ತಂದು ಅಂಗಳದಲ್ಲಿ ನಿಲ್ಲಿಸಿ ಹೋದಳು. ಅವಳು ಹೇಳಿದ್ದು ಅರ್ಧ ತಮಾಷೆಗೆ. ದಾಕ್ಷಾಯಣಮ್ಮ ಪೂರ್ತಿ ನಿಜವೆಂದೇ ತೆಗೆದುಕೊಂಡರು. ಮೊದಲು ಗಾಡಿಯನ್ನು ಒರೆಸಿದರು. ಆಮೇಲೆ ವಿಭೂತಿ ಹಚ್ಚಿದರು. ಆಮೇಲೆ ಸೀರೆಯ ನೆರಿಗೆ ಎತ್ತಿ ಕಟ್ಟಿ ಕೂತು ನೋಡಿದರು.

ಎದುರು ಮನೆಯ ಸೆಲ್ವಿ ಕಾಂಪೌಂಡಿನ ಮೇಲೆ ಗಲ್ಲ ಇಟ್ಟು ಕೇಳಿದಳು, “ಅಕ್ಕಾ, ವಿಮಾನ ಯಾವಾಗ ಏರೋದು?” ಸೆಲ್ವಿಯ ಮಾವನ ಕಾಲದಲ್ಲೇ ಸೇಲಂ ಕಡೆಯಿಂದ ಕಾರ್ಖಾನೆಗೆ ಬಂದ ಕುಟುಂಬ ಅವರದು. ಅವಳ ಕನ್ನಡದಲ್ಲಿ ಇನ್ನೂ ಸ್ವಲ್ಪ ತಮಿಳಿನ ಒಗ್ಗರಣೆ ವಾಸನೆ.

“ನೀನೂ ಹಿಂದೆ ಕೂತ್ಕೋ, ಇಬ್ರೂ ಏರಣ.”

“ಐಯೋ, ನಂಗೆ ಇನ್ನೂ ಮಗಳ ಮದುವೆ ಮಾಡೋದಿದೆ!”

ಮೂರ್ತಪ್ಪ ಜಗಲಿಯ ಕುರ್ಚಿಯಿಂದ ಎದ್ದರು. ಒಳಗೆ ಹೋಗಿ ಟ್ರಂಕು ತಡಕಾಡಿ ಎರಡು ಬಟ್ಟೆ ತಂದರು, ಒಂದು ಹಸಿರು, ಒಂದು ಕೆಂಪು. ಬಣ್ಣ ಮಾಸಿದ್ದರೂ ಮಡಿಕೆ ಮುರಿದಿರಲಿಲ್ಲ.

“ಬೀದಿ ಖಾಲಿಯಿದೆ. ನಾನು ಮುಂದೆ ಇರ್ತೀನಿ. ನೀನು ಆ ಕಡೆ ಈ ಕಡೆ ನೋಡ್ಬಾರ್ದು. ನನ್ನ ಕೈ ನೋಡು, ಅಷ್ಟೇ.”

ಹೀಗೆ ಶುರುವಾಯಿತು ನ್ಯೂಟೌನಿನ ಆ ಬೆಳಗಿನ ನೋಟ. ಬೀಗ ಬಿದ್ದ ಕ್ವಾರ್ಟರ್ಸುಗಳ ನಡುವಿನ ಅಗಲ ರಸ್ತೆ, ಎರಡೂ ಕಡೆ ದೊಡ್ಡ ಮರಗಳು. ಮುಂದೆ ಲುಂಗಿ ಎತ್ತಿ ಕಟ್ಟಿದ ಮೂರ್ತಪ್ಪ. ಅವರ ಹಿಂದೆ ಸದ್ದಿಲ್ಲದ ಗಾಡಿಯ ಮೇಲೆ, ಎರಡೂ ಕಾಲು ನೆಲಕ್ಕೆ ತಾಗಿಸಿಕೊಂಡು ಹೆಂಡತಿ. ಅವರು ತಿರುವಿನವರೆಗೆ ನಡೆದು, ಆಚೆ ಈಚೆ ನೋಡಿ, ಹಸಿರು ಎತ್ತಿ ಕೂಗಿದರು: “ಗೋ ಅಹೆಡ್!”

ದಾಕ್ಷಾಯಣಮ್ಮನ ಮೈ ಜುಮ್ಮೆಂದಿತು. ಕೊನೆಗೂ ಆ ಮಾತು ಅವರ ಪಾಲಿಗೆ ಬಂದಿತ್ತು. ಗಾಡಿ ಹೊರಟಿತು, ಓಲಾಡಿತು, ಮತ್ತೆ ನೆಟ್ಟಗಾಯಿತು. ಜನಾರ್ದನ ಮೇಷ್ಟ್ರು ವಾಕಿಂಗ್ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಸೆಲ್ವಿ ಶಿಳ್ಳೆ ಹಾಕಿದಳು, ಅವಳಿಗೆ ಶಿಳ್ಳೆ ಹಾಕಲು ಬರುತ್ತದೆ ಅಂತ ಬೀದಿಗೆ ಗೊತ್ತಾದದ್ದೇ ಅವತ್ತು. ಮಳೆಗಾಲ ಕಳೆಯುವ ಹೊತ್ತಿಗೆ ದಾಕ್ಷಾಯಣಮ್ಮನ ಕಾಲು ನೆಲ ಬಿಟ್ಟಿತು. ತರಕಾರಿ ಮಾರ್ಕೆಟ್ಟಿಗೂ ಗಾಡಿ ಹೋಗತೊಡಗಿತು. ಆದರೂ ಬೆಳಗಿನ ಆ ಒಂದು ಸುತ್ತು ಮಾತ್ರ ಬಾವುಟದ ಹಿಂದೆಯೇ. ಕಲಿತಾಯಿತಲ್ಲ ಅಂತ ಇವರೂ ಅನ್ನಲಿಲ್ಲ, ಸಾಕು ಅಂತ ಅವರೂ ಅನ್ನಲಿಲ್ಲ.

ಒಂದು ಬೆಳಿಗ್ಗೆ ಎಂದಿನಂತೆ ಮೂರ್ತಪ್ಪ ತಿರುವಿನಲ್ಲಿ ನಿಂತರು. ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ಮುಖ ತಿರುಗಿಸಿದರು. ಹಸಿರು ಬಟ್ಟೆ ಮೇಲೆದ್ದಿತು. “ಗೋ ಅಹೆಡ್!”

ದಾಕ್ಷಾಯಣಮ್ಮ ಅವರ ಕೈ ನೋಡುತ್ತ ಹ್ಯಾಂಡಲ್ಲು ತಿರುಗಿಸಿದರು. ಗಾಡಿ ಹೋಗಿ ಮರಳಿನ ಗುಡ್ಡೆಗೆ ನುಗ್ಗಿತು.

ಸೆಲ್ವಿಯ ಮನೆಯ ಬಚ್ಚಲು ರಿಪೇರಿಗೆ ತಿರುವಿನಾಚೆ ಹಾಕಿಸಿದ್ದ ಮರಳು. ಮೊಣಕಾಲಿನಷ್ಟು ಎತ್ತರದ, ರಸ್ತೆಯ ಅರ್ಧಕ್ಕೆ ಹರಡಿದ ಬೂದುಬಣ್ಣದ ರಾಶಿ. ದಾಕ್ಷಾಯಣಮ್ಮ ಅದರ ಮೇಲೆ ಕವುಚಿ ಬಿದ್ದರು. ಮೊಣಕೈ ತರಚಿತು, ಬಾಯಲ್ಲೆಲ್ಲ ಮರಳು. ಸೆಲ್ವಿ ಓಡಿಬಂದು ಎಬ್ಬಿಸಿದಳು.

“ಏನಕ್ಕಾ ಇದು! ಇಷ್ಟು ದೊಡ್ಡ ಗುಡ್ಡೆ ಇದೆ. ಕಣ್ಣು ಎಲ್ಲಿತ್ತು ನಿಂಗೆ?”

“ಅವ್ರ ಕೈ ಮೇಲಿತ್ತು ಕಣೇ.”

ಮೂರ್ತಪ್ಪ ದಡಬಡ ಬಂದರು. ಅವರ ಕಾಲು ಗುಡ್ಡೆಯ ಅಂಚಿಗೆ ಹೂತು ಮುಗ್ಗರಿಸಿತು. “ಯಾರಿದು ಈಗ ತಂದು ಸುರ್ದಿದ್ದು? ನಾನು ನೋಡ್ದಾಗ ಇರ್ಲಿಲ್ಲ!”

“ನಿನ್ನೆ ಸಂಜೆಯಿಂದ ಇಲ್ಲೇ ಇದೆ ಅಣ್ಣಾ,” ಅಂದಳು ಸೆಲ್ವಿ. ಅಂದ ಮೇಲೆ ಅವಳೇ ಬಾಯಿ ಮುಚ್ಚಿಕೊಂಡಳು.

ಮೂರ್ತಪ್ಪ ಹಸಿರು ಬಟ್ಟೆಯನ್ನು ಮಡಿಚಿ, ಮತ್ತೆ ಮಡಿಚಿ, ಅಂಗೈಯೊಳಗೆ ಹಿಡಿಯುವಷ್ಟು ಸಣ್ಣದು ಮಾಡಿ ಮನೆಯ ಕಡೆ ನಡೆದರು. ಆ ನಡಿಗೆಯನ್ನು ದಾಕ್ಷಾಯಣಮ್ಮ ಹಿಂದಿನಿಂದ ಮೊದಲ ಸಲ ನಿಗಾ ಇಟ್ಟು ನೋಡಿದರು. ಅವರು ಹಾಕುತ್ತಿದ್ದ ಹೆಜ್ಜೆ ದಾರಿ ನೋಡಿ ಹಾಕಿದ್ದಲ್ಲ, ನೆನಪಿಟ್ಟುಕೊಂಡು ಹಾಕಿದ್ದು.

ಆಮೇಲೆ ಒಂದೊಂದೇ ಹೊಳೆಯಿತು. ಪೇಪರು ಬಂದ ಕೂಡಲೇ ತಿರುವಿ ಹಾಕಿ, “ಏನಿದೆ ಇದ್ರಲ್ಲಿ, ಅದೇ ರಾಮಾಯಣ” ಅನ್ನುತ್ತಿದ್ದದ್ದು. ಮೊಬೈಲಿನಲ್ಲಿ ಹೆಸರು ನೋಡದೆ ದನಿ ಕೇಳಿ ಯಾರೆಂದು ಹೇಳುತ್ತಿದ್ದದ್ದು. ಟಿವಿಯ ತೀರ ಹತ್ತಿರ ಕುರ್ಚಿ ಎಳೆದುಕೊಂಡು, ಕಿವಿ ಮಂದವಾಯಿತು ಅಂತ ನೆಪ ಹೇಳುತ್ತಿದ್ದದ್ದು. ಅವತ್ತು ಸಂಜೆ ಕಾಫಿಯ ಲೋಟವನ್ನು ಎಂದಿನ ಜಾಗ ಬಿಟ್ಟು ಒಂದು ಗೇಣು ಆಚೆ ಇಟ್ಟರು. ಮೂರ್ತಪ್ಪನವರ ಕೈ ಎಂದಿನ ಜಾಗಕ್ಕೆ ಹೋಯಿತು, ಬರಿಯ ಸ್ಟೂಲು ಸಿಕ್ಕಿತು, ಅಲ್ಲೇ ಬೆರಳುಗಳು ಒಂದು ಕ್ಷಣ ನಿಂತವು.

“ಎಷ್ಟು ದಿನದಿಂದ?” ದಾಕ್ಷಾಯಣಮ್ಮ ಕೇಳಿದರು.

“ಏನು ಎಷ್ಟು ದಿನದಿಂದ?”

“ನಂಗೆ ಮೊಣಕೈ ತರಚಿದೆ ಕಣ್ರಿ, ತಲೆ ಅಲ್ಲ.”

ಮೂರ್ತಪ್ಪ ಲೋಟ ಹುಡುಕಿ ಹಿಡಿದುಕೊಂಡರು. ಕುಡಿಯಲಿಲ್ಲ. “ಮಂಜು ಬಿದ್ದಂಗೆ ಇರುತ್ತೆ. ಜನ ಕಾಣ್ತಾರೆ, ಮುಖ ಕಾಣಲ್ಲ. ಬೆಳಿಗ್ಗೆ ಬಿಸ್ಲಲ್ಲಿ ಅದೂ ಇಲ್ಲ.” ಲೋಟ ತಡವಿ ಕೆಳಗಿಟ್ಟು ಹೇಳಿದರು, “ಈ ರಸ್ತೆ ನಂಗೆ ಬಾಯಿಪಾಠ. ಏನೂ ಆಗಲ್ಲ ಅಂದ್ಕೊಂಡೆ. ನೋಡ್ದೆ ಹೇಳ್ಬಿಟ್ಟೆ ದಾಕ್ಷಿ.”

ಆ ಕೊನೆಯ ಮಾತು ಹೇಳುವಾಗ ಅವರ ದನಿ ಕುಸಿಯಿತು. ಕಣ್ಣು ಹೋದದ್ದಕ್ಕಿಂತ ಅದೇ ಅವರಿಗೆ ದೊಡ್ಡ ಸಂಕಟ ಅಂತ ದಾಕ್ಷಾಯಣಮ್ಮನಿಗೆ ಅರ್ಥವಾಯಿತು.

ಜನಾರ್ದನ ಮೇಷ್ಟ್ರು ಬಂದು ತಮ್ಮ ಕಣ್ಣುಗಳನ್ನು ಅಗಲಿಸಿ ತೋರಿಸಿದರು. “ಪೊರೆ ಇರ್ಬೇಕು ಮೂರ್ತಪ್ಪ. ನಂಗೂ ಆಗಿತ್ತಲ್ಲ. ಬಲಿಯಕ್ಕೆ ಬಿಟ್ರೆ ಡಾಕ್ಟರಿಗೂ ಕಷ್ಟ, ನಿಮಗೂ ಕಷ್ಟ. ಪೊರೆ ಅಲ್ದೆ ಬೇರೆ ಏನಾದ್ರೂ ಆಗಿದ್ರೆ, ಹೋದ ಕಣ್ಣು ಹೋದಂಗೇ.” ರಶ್ಮಿ ಫೋನಿನಲ್ಲಿ ಅತ್ತಳು, ಬೈದಳು, ಕಾರು ತರುತ್ತೇನೆ ಅಂದಳು. ಮೂರ್ತಪ್ಪ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: “ನೋಡಣ.”

ವಾರ ಕಳೆಯಿತು. ಅವರು ಜಗಲಿಗೂ ಬರುವುದು ಬಿಟ್ಟರು. ಬಾವುಟಗಳು ಟ್ರಂಕಿಗೆ ಹೋದವು. ಬಾಗಿಲ ಹೊಸಿಲು ದಾಟುವಾಗ ಕಾಲು ತಡವರಿಸುವುದು ಈಗ ಮುಚ್ಚಿಡದೆಯೇ ಕಾಣುತ್ತಿತ್ತು. ಈ ಮನುಷ್ಯ ಹೀಗೇ ಕೂತರೆ, ಇರುವ ಬೆಳಕೂ ಆರಿಹೋಗುತ್ತದೆ ಅನ್ನಿಸಿತು ದಾಕ್ಷಾಯಣಮ್ಮನಿಗೆ.

“ನಿಮಗೆ ಹೆದ್ರಿಕೆನಾ?” ಒಂದು ದಿನ ಸೊಪ್ಪು ಬಿಡಿಸುತ್ತ ನೇರವಾಗಿ ಕೇಳಿದರು.

“ಹೆದ್ರಿಕೆ ಯಾಕೆ?”

“ಮತ್ತೆ ಹೊರಡಕ್ಕೆ ಏನು ರೋಗ?”

ಮೂರ್ತಪ್ಪ ಮುಖ ತಿರುಗಿಸಿ ಹೇಳಿದರು, “ಬಸ್ಸಲ್ಲಿ ಎಲ್ಲ ನಮ್ಮ ಯಾರ್ಡಿನೋರೇ ಇರ್ತಾರೆ. ಕೈ ಹಿಡ್ಕೊಂಡು ಹತ್ತಿಸ್ಬೇಕು ನೀನು. ರಶ್ಮಿ ಕಾರಾದ್ರೂ ಅಷ್ಟೇ. ಅಲ್ಲಿ ಆಸ್ಪತ್ರೆ ಹೆಂಗಿದೆಯೋ, ಮೆಟ್ಟಿಲು ಎಲ್ಲಿದೆಯೋ, ಒಳ್ಗೆ ಏನು ಮಾಡ್ತಾರೋ. ಕತ್ಲಲ್ಲಿ ತಳ್ಕೊಂಡು ಹೋದಂಗಾಗುತ್ತೆ. ನಾನು ಜನ್ಮದಲ್ಲಿ ಹಂಗೆ ಗಾಡಿ ಬಿಟ್ಟೋನಲ್ಲ. ಬಿಟ್ಟಿದ್ದು ಒಂದೇ ಸಲ. ಏನಾಯ್ತು ಅಂತ ನಿನ್ನ ಮೊಣಕೈ ನೋಡ್ಕೋ.”

ದಾಕ್ಷಾಯಣಮ್ಮ ಸೊಪ್ಪಿನ ಕಡ್ಡಿ ಕೈಯಲ್ಲಿ ಹಿಡಿದೇ ಕೂತರು. ಇಷ್ಟು ದಿನ ಎಲ್ಲರೂ ಅವರಿಗೆ ಹೋಗಿ, ಹೋಗಿ ಅನ್ನುತ್ತಿದ್ದರು. ಮೆಟ್ಟಿಲೆಲ್ಲಿ, ಒಳಗೇನು ಅಂತ ನೋಡಿಕೊಂಡು ಬಂದು ಹೇಳಿದವರು ಒಬ್ಬರೂ ಇರಲಿಲ್ಲ, ಮೇಷ್ಟ್ರೂ ಕೂಡ.

ಮರುದಿನ ಬೆಳಿಗ್ಗೆ ತಿಂಡಿ ಮಾಡಿಟ್ಟು, ಗಾಡಿಯ ಚಾರ್ಜರಿನ ಪ್ಲಗ್ಗು ಕಿತ್ತರು.

“ಎಲ್ಲಿಗೆ?” ಒಳಗಿನಿಂದ ಪ್ರಶ್ನೆ ಬಂತು.

“ಶಿವಮೊಗ್ಗಕ್ಕೆ. ಮಧ್ಯಾಹ್ನ ಊಟಕ್ಕೆ ಬರ್ತೀನಿ.”

“ಬಿ.ಎಚ್. ರೋಡಲ್ಲಾ? ಲಾರಿ, ಬಸ್ಸು... ತಲೆ ಕೆಟ್ಟಿದೆಯಾ ನಿಂಗೆ? ಮುಂದೆ ಯಾರಿರ್ತಾರೆ?”

“ನಾನೇ ಇರ್ತೀನಿ,” ಅಂದು ದಾಕ್ಷಾಯಣಮ್ಮ ಹೆಲ್ಮೆಟ್ಟು ಹಾಕಿಕೊಂಡರು. ಅಂದದ್ದೇನೋ ಅಂದರು, ಗೇಟು ದಾಟುವಾಗ ಎರಡೂ ಕಾಲು ಮತ್ತೆ ನೆಲಕ್ಕೆ ತಾಗಿದ್ದವು.

ಹೆದ್ದಾರಿಯಲ್ಲಿ ಅವರು ರಸ್ತೆಯಂಚಿನ ಬಿಳಿ ಗೆರೆಯ ಆಚೆಯೇ ಉಳಿದರು. ಪಕ್ಕದಲ್ಲಿ ಲಾರಿ ಹೋದಾಗಲೆಲ್ಲ ಗಾಡಿ ಒಮ್ಮೆ ತೂಗುತ್ತಿತ್ತು. ಜೇಡಿಕಟ್ಟೆ ಬಂತು, ಹೋಯಿತು. ಮಾಚೇನಹಳ್ಳಿಯ ಹತ್ತಿರ ನಿಲ್ಲಿಸಿ ನೀರು ಕುಡಿದರು. ಬಾವುಟದ ಕೈ ಎದುರಿಗಿಲ್ಲದೆ ರಸ್ತೆಯನ್ನೇ ನೋಡಿಕೊಂಡು ಹೋಗುವುದರಲ್ಲಿ ಒಂದು ಬೇರೆಯೇ ಸೋಜಿಗವಿತ್ತು. ಹೊಂಡ ಎಲ್ಲಿ, ನಾಯಿ ಎಲ್ಲಿ, ಹಂಪು ಎಲ್ಲಿ, ಎಲ್ಲವನ್ನೂ ಮನಸ್ಸಿನಲ್ಲೇ ಗಂಡನಿಗೆ ಹೇಳಿಕೊಳ್ಳುತ್ತ ಹೋದರು. ಮಲವಗೊಪ್ಪ ದಾಟಿ ಊರಿನ ಗದ್ದಲ ಶುರುವಾದಾಗ ಬೆನ್ನು ಒದ್ದೆಯಾಗಿತ್ತು, ಮುಖದಲ್ಲಿ ಮಾತ್ರ ನಗು.

ಕಣ್ಣಿನ ಆಸ್ಪತ್ರೆಯ ಮುಂದೆ ನಿಂತು ಮೊದಲು ಗೇಟು ನೋಡಿದರು. ಮೆಟ್ಟಿಲಿದೆ, ಪಕ್ಕದಲ್ಲಿ ಇಳಿಜಾರೂ ಇದೆ, ಹಿಡಿಯಲು ಕಂಬಿ ಇದೆ. ಕೈಯಿಂದ ಅಲ್ಲಾಡಿಸಿ ನೋಡಿದರು, ಗಟ್ಟಿಯಿದೆ. ಸೆಕ್ಯುರಿಟಿಯವನು, “ಏನಜ್ಜಿ, ಕಂಬಿ ಕಿತ್ಕೊಂಡು ಹೋಗ್ತೀರಾ?” ಅಂದ. “ಇಲ್ಲಪ್ಪ, ನಾಳೆ ಒಬ್ರು ಹಿಡ್ಕೊಳೋರಿದಾರೆ,” ಅಂದರು.

ಒಳಗೆ ಕುರ್ಚಿಗಳ ಸಾಲು. ಕಪ್ಪು ಕನ್ನಡಕ ಹಾಕಿ ಕೂತಿದ್ದ ಹೆಂಗಸೊಬ್ಬಳ ಪಕ್ಕ ಕೂತು, ನೋವಾಗುತ್ತಾ, ಎಚ್ಚರ ಇರುತ್ತಾ, ಊಟ ಮಾಡಿ ಬರಬಹುದಾ ಅಂತ ಎಲ್ಲ ಕೇಳಿದರು. ಆದರೂ ಒಂದು ಬಾಗಿಲು ಉಳಿಯಿತು. ಆ ಬಾಗಿಲಿನಾಚೆ ಏನಾಗುತ್ತದೆ ಅಂತ ಕೂತಲ್ಲಿಂದ ಕಾಣುವಂತಿರಲಿಲ್ಲ. ದಾಕ್ಷಾಯಣಮ್ಮ ಎದ್ದು ಹೋಗಿ ತಮ್ಮದೇ ಹೆಸರು ಬರೆಸಿದರು.

ಸರದಿ ಬಂದಾಗ ನೀಲಿ ಕೋಟಿನ ನರ್ಸು ಬಾಗಿಲು ತೆರೆದು ಹಿಡಿದು, “ಗೋ ಅಹೆಡ್ ಅಜ್ಜಿ,” ಅಂದಳು.

ದಾಕ್ಷಾಯಣಮ್ಮ ಹೊಸಿಲಲ್ಲೇ ನಿಂತರು. “ಒಳಗೆ ಎಲ್ಲ ನೋಡಿದೀಯೇನಮ್ಮ ನೀನು?”

“ದಿನಾ ಇಲ್ಲೇ ಇರ್ತೀನಲ್ಲ ಅಜ್ಜಿ!”

“ಹಂಗಾದ್ರೆ ಸರಿ,” ಅಂದು ಒಳಗೆ ಕಾಲಿಟ್ಟರು.

ಯಂತ್ರದ ಮೇಲೆ ಗಲ್ಲ ಇಟ್ಟರು. ದೀಪ ನೋಡು ಅಂದರೆ ನೋಡಿದರು, ಅಕ್ಷರ ಓದು ಅಂದರೆ ಓದಿದರು. ಕಣ್ಣಿಗೆ ಹನಿ ಹಾಕಿ, ಸ್ವಲ್ಪ ಹೊತ್ತು ಮುಚ್ಚಿಕೊಂಡಿರಿ ಅಂದರೆ ಹಾಗೇ ಕೂತರು. ಕೊನೆಗೆ ಡಾಕ್ಟರು, “ನಿಮ್ಮ ಕಣ್ಣು ವಯಸ್ಸಿಗೆ ಚೆನ್ನಾಗಿದೆ. ಯಾಕೆ ಬಂದಿರಿ?” ಅಂತ ಕೇಳಿದರು. ವಿಷಯ ಕೇಳಿ ನಕ್ಕು, “ನಾಳೆಯೇ ಕರೆತನ್ನಿ. ನೋಡದೆ ನಾನೂ ಏನೂ ಹೇಳೋಕಾಗಲ್ಲ,” ಅಂದರು. ಆ ಡಾಕ್ಟರು ದಾಕ್ಷಾಯಣಮ್ಮನಿಗೆ ತುಂಬ ಹಿಡಿಸಿದರು.

ಹೊರಗೆ ಬಂದು ಗಾಡಿಯ ಕೀಲಿ ತೆಗೆದವರು ಹಾಗೇ ನಿಂತುಬಿಟ್ಟರು. ಬಿಸಿಲು ಬಿಳಿ ಗೋಡೆಯ ಹಾಗೆ ಎದ್ದು ನಿಂತಿತ್ತು. ಎದುರಿನ ಅಂಗಡಿಯ ಬೋರ್ಡು ಕಲಸಿಹೋಗಿತ್ತು. ಜನ ಓಡಾಡುತ್ತಿದ್ದರು, ಒಬ್ಬರಿಗೂ ಮುಖವಿರಲಿಲ್ಲ.

“ಹನಿ ಹಾಕಿದಾರಲ್ಲ ಅಜ್ಜಿ, ಸಂಜೆವರ್ಗೂ ಹಂಗೇ,” ಅಂದ ಸೆಕ್ಯುರಿಟಿಯವನು. “ಗಾಡಿ ಮುಟ್ಬೇಡಿ.”

ಅವನ ಕುರ್ಚಿಯಲ್ಲೇ, ಮರದ ನೆರಳಲ್ಲಿ ಕೂತರು. ಮನೆಗೆ ಫೋನು ಮಾಡೋಣವೆಂದರೆ ಅಕ್ಷರ ಕಾಣುವುದಿಲ್ಲ. ಅವನ ಕೈಗೇ ಮೊಬೈಲು ಕೊಟ್ಟು ಮಾಡಿಸಿದರು. ಆಚೆ ಯಾರೂ ಎತ್ತಲಿಲ್ಲ. ಕೂತು ಕೂತು ಎದುರಿನ ಮಂಜನ್ನೇ ನೋಡಿದರು. ಆಟೋ ಬಂದರೆ ಬಣ್ಣ ಬರುತ್ತಿತ್ತು, ಆಮೇಲೆ ಸದ್ದು, ಕೊನೆಗೆ ಆಕಾರ. ಓಹೋ, ಇವರು ಇದರೊಳಗಿದ್ದರಾ? ಇಷ್ಟು ತಿಂಗಳು ಇದರೊಳಗೇ ನಿಂತು, ನಾನು ಬೀಳಬಾರದು ಅಂತ ಮುಂದೆ ನಡೆಯುತ್ತಿದ್ದರಾ? ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ ಏನೋ. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹನಿಯ ನೀರೋ ಏನೋ ಅಂತ ಸೆಕ್ಯುರಿಟಿಯವನು ಕೇಳಲಿಲ್ಲ.

ಬಿಸಿಲು ಇಳಿದು ಅಂಗಡಿಯ ಬೋರ್ಡು ಮತ್ತೆ ಅಕ್ಷರವಾದ ಮೇಲೆ, ಬೇಗ ಕತ್ತಲಾದೀತೆಂದು ಹೊರಟರು. ನ್ಯೂಟೌನಿನ ತಿರುವಿಗೆ ಬಂದಾಗ ಇನ್ನೂ ಬೆಳಕಿತ್ತು.

ರಸ್ತೆಯ ನಡುವೆ ಮೂರ್ತಪ್ಪ ನಿಂತಿದ್ದರು. ಒಂದು ಕೈಯಲ್ಲಿ ಹಸಿರು, ಇನ್ನೊಂದರಲ್ಲಿ ಕೆಂಪು. ಮೊಬೈಲು ಎಲ್ಲೋ ಬಿಟ್ಟು ಮಧ್ಯಾಹ್ನದಿಂದ ಅಲ್ಲೇ ಇದ್ದರಂತೆ. ಸೆಲ್ವಿ ಕಾಂಪೌಂಡಿನ ಹತ್ತಿರ ಕಾವಲು. ಗಾಡಿಗೆ ಸದ್ದಿಲ್ಲ. ದಾಕ್ಷಾಯಣಮ್ಮ ಅವರ ಎದುರಿಗೇ ಬಂದು ನಿಲ್ಲಿಸಿದರು. ಮೂರ್ತಪ್ಪನವರ ಕಣ್ಣು ಹೆಂಡತಿಯ ಮೇಲೇ ಇತ್ತು, ಆದರೆ ಯಾರೆಂದು ಕಾಣುತ್ತಿರಲಿಲ್ಲ.

“ಯಾರದು?”

“ಇನ್ಯಾರು ಬರ್ತಾರೆ ಈ ವಯಸ್ಸಲ್ಲಿ ನಿಮ್ಮನ್ನ ಹುಡ್ಕೊಂಡು?”

ಮೂರ್ತಪ್ಪ ಬೈಯಲು ಬಾಯಿ ತೆರೆದವರು ಕೈ ಚಾಚಿ ಗಾಡಿಯ ಹ್ಯಾಂಡಲ್ಲು ಮುಟ್ಟಿದರು, ಆಮೇಲೆ ಹೆಂಡತಿಯ ಮೊಣಕೈ ಮುಟ್ಟಿ ಹೊಸ ಗಾಯವೇನಾದರೂ ಇದೆಯೇ ಅಂತ ತಡವಿದರು.

ಅವತ್ತು ಊಟಕ್ಕೆ ಕೂತಾಗ ದಾಕ್ಷಾಯಣಮ್ಮ ಒಂದನ್ನೂ ಬಿಡದೆ ಹೇಳಿದರು. ಜೇಡಿಕಟ್ಟೆಯ ಹಂಪು, ಮಾಚೇನಹಳ್ಳಿಯ ಹೊಂಡ, ಗೇಟು, ಇಳಿಜಾರು, ಅಲ್ಲಾಡದ ಕಂಬಿ, ಒಳಗಿನ ತಣ್ಣನೆಯ ಗಾಳಿ, ಗಲ್ಲ ಇಡುವ ಯಂತ್ರ, ಹನಿ ಹಾಕಿದಾಗ ಮೊದಲು ಚುರುಕ್ ಅನ್ನುವುದು. ಮಂಜಿನ ವಿಷಯ ಬಂದಾಗ ಮಾತ್ರ, “ಅದನ್ನೂ ನೋಡ್ಕೊಂಡು ಬಂದೆ,” ಅಂದರು ಅಷ್ಟೇ. ಮೂರ್ತಪ್ಪ ತುತ್ತು ಕೈಯಲ್ಲಿ ಹಿಡಿದು, ಯಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗ ಹಿಂದಿನವನು ಹೇಳುವುದನ್ನು ಕೇಳಿಸಿಕೊಂಡ ಹಾಗೆ ಕೇಳಿದರು. ನಡುನಡುವೆ ಪ್ರಶ್ನೆ: “ಕಂಬಿ ಯಾವ ಕೈಗೆ ಬರುತ್ತೆ?” “ಬಲಗೈಗೆ.” “ಹ್ಞೂಂ.”

ಮರುದಿನ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಅಂಗಳಕ್ಕೆ ಬಂದರು. ಗಾಡಿಯ ಪಕ್ಕ ನಿಂತರು, ಹತ್ತಲಿಲ್ಲ.

“ಎಲ್ಲ ನೋಡಿದೀಯ?”

“ಕಣ್ಣಿಗೆ ಹನಿ ಹಾಕಿಸ್ಕೊಂಡೇ ಬಂದಿದೀನಲ್ರಿ, ಇನ್ನೇನು ಬೇಕು?”

“ಹಂಗಾದ್ರೆ ಹೇಳು.”

“ಏನು?”

“ಹೇಳೋ ಮಾತು.”

ದಾಕ್ಷಾಯಣಮ್ಮನಿಗೆ ಹದಿನಾರರ ಹುಡುಗಿಯ ಹಾಗೆ ನಾಚಿಕೆ ಬಂತು. ಸೆಲ್ವಿ ಕಾಂಪೌಂಡಿನ ಮೇಲೆ ಗಲ್ಲ ಇಟ್ಟಾಗಿತ್ತು. ಹೆಲ್ಮೆಟ್ಟಿನೊಳಗಿಂದ, ಆದಷ್ಟು ಮೆಲ್ಲಗೆ ಅಂದರು, “ಗೋ ಅಹೆಡ್.”

“ಕೇಳಿಸ್ಲಿಲ್ಲ ಅಕ್ಕಾ!” ಅಂತ ಆಚೆಯಿಂದ ಸೆಲ್ವಿ.

“ಗೋ ಅಹೆಡ್!” ದಾಕ್ಷಾಯಣಮ್ಮ ಕೂಗಿದರು. ಮರದ ಮೇಲಿನ ಕಾಗೆಗಳು ಎದ್ದವು.

ಮೂರ್ತಪ್ಪ ಹಿಂದಿನ ಸೀಟು ತಡವಿ ಹತ್ತಿ ಕೂತು, ಹೆಂಡತಿಯ ಹೆಗಲ ಮೇಲೆ ಕೈ ಇಟ್ಟರು.

“ಹೇಳೋಳೂ ನೀನೇ, ಓಡ್ಸೋಳೂ ನೀನೇ. ಇದು ಯಾವ ಸೀಮೆ ಶಂಟಿಂಗು ಮಾರಾಯ್ತಿ!”

ಗಾಡಿ ಗೇಟು ದಾಟಿತು. ತಿರುವು ಬಂದಾಗ ಹೆಗಲ ಮೇಲಿನ ಕೈ ಸ್ವಲ್ಪ ಬಿಗಿಯಾಯಿತು.

“ಮರಳು?”

“ಎಡಗಡೆ ಬಿಟ್ಟೆ ಕಣ್ರಿ,” ಅಂದರು ದಾಕ್ಷಾಯಣಮ್ಮ, ರಸ್ತೆಯಿಂದ ಕಣ್ಣು ತೆಗೆಯದೆ.